ಗಿಡ್ಡ ಕಮಾನು

ಹಳೆಯ ವಿದ್ಯಾರ್ಥಿಗಳ ಸಮಾರಂಭಕ್ಕೆ ಕಮಾನು ಎಬ್ಬಿಸುವಾಗಲೇ ನಾನು ಹೇಳಿದ್ದೆ, ಇದು ಗಿಡ್ಡವಾಯಿತು ಎಂದು. ಸಭಾಂಗಣಕ್ಕೆ ಗಾಡಿ ಹೋಗಲು ಇರುವುದು ಒಂದೇ ದಾರಿ. ಒಂದು ಕಡೆ ಗ್ರಂಥಾಲಯದ ಗೋಡೆ, ಇನ್ನೊಂದು ಕಡೆ ಪರೀಕ್ಷಾ ವಿಭಾಗದ ಗೋಡೆ. ಆ ದಾರಿಯ ಬಾಯಿಗೇ ಕಬ್ಬಿಣದ ಪೈಪು ನೆಟ್ಟು, ಬುಡಕ್ಕೆ ಕಾಂಕ್ರೀಟು ಸುರಿದು, ಮೇಲೆ ಹಲಗೆ ಹೊಡೆದು ಮುಖಗಳನ್ನು ಅಂಟಿಸಿದರು. ವಿಶ್ವವಿದ್ಯಾಲಯದ ಹೆಸರಾಂತ ಹಳೆಯ ವಿದ್ಯಾರ್ಥಿಗಳ ಮುಖಗಳು. ಒಬ್ಬ ಮಂತ್ರಿ, ಒಬ್ಬ ವಿಜ್ಞಾನಿ, ಒಬ್ಬ ಗಾಯಕಿ, ಒಬ್ಬ ಕಾರ್ಖಾನೆಗಳ ಒಡೆಯ. ನಟ್ಟನಡುವೆ, ಎಲ್ಲರಿಗಿಂತ ದೊಡ್ಡದಾಗಿ, ನಿವೃತ್ತ ನ್ಯಾಯಮೂರ್ತಿ.

"ಸಾರ್, ಇದರಡಿ ಸಕ್ಕಿಂಗ್ ಗಾಡಿ ಹಿಡಿಸಲ್ಲ" ಎಂದೆ. ಸಕ್ಕಿಂಗ್ ಗಾಡಿ ಎಂದರೆ ಕಕ್ಕಸಿನ ನೀರನ್ನು ದಪ್ಪ ಪೈಪಿನಿಂದ ಹೀರಿ ಬೆನ್ನ ಮೇಲಿನ ಟ್ಯಾಂಕಿಗೆ ತುಂಬಿಕೊಳ್ಳುವ ಲಾರಿ.

"ಆ ಗಬ್ಬು ಗಾಡಿ ಅವತ್ತು ಯಾಕಮ್ಮ ಬರಬೇಕು?" ಎಂದರು ಸಂಚಾಲಕರು. "ಅವತ್ತು ಅದನ್ನ ಗೇಟಿನೊಳಗೇ ಬಿಡಬೇಡಿ ಅಂತ ನಾನೇ ಹೇಳಿದೀನಿ. ಮಂತ್ರಿಗಳ ಕಾರು ಹಿಡಿಸತ್ತಲ್ಲ, ಸಾಕು."

ಅವರು ಪ್ರಾಧ್ಯಾಪಕರು, ಸಮಾರಂಭದ ಸಂಚಾಲಕರು. ಒಂದು ಕಾಲಕ್ಕೆ ನನಗೆ ಪಾಠ ಹೇಳಿದವರು. ಹೌದು, ನಾನೂ ಈ ವಿಶ್ವವಿದ್ಯಾಲಯದಲ್ಲಿ ಓದಿದವಳೇ. ಎಂ.ಎ. ಮಾಡಿದ್ದೇನೆ. ಈಗ ಇಲ್ಲಿಯೇ ಹೆಂಗಸರ ಕಕ್ಕಸು ತೊಳೆಯುತ್ತೇನೆ. ಜೊತೆಯವರು ನನ್ನನ್ನು ಡಿಗ್ರಿ ಎಂದು ಕರೆಯುತ್ತಾರೆ. "ಡಿಗ್ರಿ, ಆ ಬಕೆಟ್ ಕೊಡೇ", "ಡಿಗ್ರಿ, ನಿನ್ನ ಪೊರಕೆಗೂ ಗೌನು ಹೊಲಿಸು." ಅವರ ತಮಾಷೆಗೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಅದರಲ್ಲಿ ವಿಷ ಇಲ್ಲ.

ಸಮಾರಂಭಕ್ಕೆ ಹಳೆಯ ವಿದ್ಯಾರ್ಥಿಗಳೆಲ್ಲ ಬರಬೇಕು ಎಂದು ಪತ್ರಿಕೆಯಲ್ಲಿ ಹಾಕಿದ್ದರು. "ನಾನೂ ಬರಬಹುದಾ ಸಾರ್?" ಎಂದು ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ. ಅವರು ಸುತ್ತಮುತ್ತ ನೋಡಿ ನಕ್ಕರು.

"ನೀನು ಹೇಗಿದ್ರೂ ಅಲ್ಲೇ ಇರ್ತೀಯಲ್ಲಮ್ಮ. ಸಭಾಂಗಣದ ಟಾಯ್ಲೆಟ್ಟಿಗೆ ನಿನಗೇ ಡ್ಯೂಟಿ ಹಾಕಿಸಿದೀನಿ."

ಉಪಕಾರ ಮಾಡಿದ ಮುಖ ಮಾಡಿಕೊಂಡು ಹೋದರು. ಆ ಮುಖ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಮ್ಮಪ್ಪ ಸತ್ತದ್ದು ಅದೇ ಸಭಾಂಗಣದ ಹಿಂದೆ. ಘಟಿಕೋತ್ಸವದ ಹಿಂದಿನ ದಿನ ಅಲ್ಲಿಯ ಮ್ಯಾನ್‌ಹೋಲ್ ಕಟ್ಟಿಕೊಂಡಿತು. ಇಳಿಯಲು ಅಪ್ಪನನ್ನು ಕರೆದರು. ಆವತ್ತು ಇಳಿದರೆ ಖಾಯಂ ಮಾಡುತ್ತೇವೆ ಎಂದರು. ಹಾಗೆ ಹೇಳದಿದ್ದರೂ ಅಪ್ಪ ಇಳಿಯುತ್ತಿದ್ದ. ಮರುದಿನ ಪದವಿ ತೆಗೆದುಕೊಳ್ಳುವವಳು ನಾನು. "ನನ್ನ ಮಗಳು ಗೌನು ಹಾಕ್ಕೊಂಡು ನಡೆಯೋ ಜಾಗ. ಅಲ್ಲಿ ಗಬ್ಬು ನಾರಬಾರದು" ಎಂದು ನಗುನಗುತ್ತಾ ಹೋದ. ಮೇಲೆ ಬಂದದ್ದು ಹೆಣ. ಅವನ ಬಾಯಿ ತುಂಬ ಕಂಡವರ ಹೇಲು ತುಂಬಿತ್ತು. ಅಮ್ಮ ತನ್ನ ಸೆರಗಿನಿಂದ ಅದನ್ನು ಬಳಿದು ತೆಗೆದಳು. ನನ್ನ ಪದವಿ ಪತ್ರ ಅಂಚೆಯಲ್ಲಿ ಬಂತು.

ಸುದ್ದಿಯಾಯಿತು. ಯಾರೋ ಒಳ್ಳೆಯವರು ನ್ಯಾಯಾಲಯಕ್ಕೆ ಹೋದರು. ನ್ಯಾಯಮೂರ್ತಿಗಳು ದೊಡ್ಡ ತೀರ್ಪು ಕೊಟ್ಟರು. ಮನುಷ್ಯನನ್ನು ಮ್ಯಾನ್‌ಹೋಲಿಗೆ ಇಳಿಸಕೂಡದು, ಯಂತ್ರವೇ ಮಾಡಬೇಕು, ಇಳಿಸಿದವನು ಕೊಂದವನಿಗೆ ಸಮ. ಆ ತೀರ್ಪನ್ನು ಪಾಠದಲ್ಲಿ ಸೇರಿಸಿದರು. ನ್ಯಾಯಮೂರ್ತಿಗಳು ಹೆಸರಾಂತರಾದರು. ಕಮಾನಿನ ನಡುವಿನ ದೊಡ್ಡ ಮುಖ ಅವರದೇ. ನಮ್ಮಪ್ಪನನ್ನು ಇಳಿಸಿದವರಲ್ಲಿ ಒಬ್ಬನೂ ಜೈಲಿಗೆ ಹೋಗಲಿಲ್ಲ. ನಮ್ಮ ಕೈ ಕೆಸರಾಯಿತು, ಬಾಯಿ ಮೊಸರಾದದ್ದು ಬೇರೆಯವರದು.

ನನಗೆ ಅನುಕಂಪದ ಕೆಲಸ ಕೊಟ್ಟರು. ಗ್ರಂಥಾಲಯದಲ್ಲಿ ಕೊಡಿ ಎಂದೆ. ಅನುಕಂಪದ ಕೆಲಸ ಅಪ್ಪನ ವರ್ಗದ್ದೇ ಆಗಬೇಕು, ಅದೇ ನಿಯಮ ಎಂದರು. ಅಪ್ಪ ಹೇಲು ಬಾಚುತ್ತಿದ್ದ, ಹಾಗಾಗಿ ಮಗಳ ಕೈಗೆ ಪೊರಕೆ. ಅದೂ ಗುತ್ತಿಗೆಯ ಮೇಲೆ.

ಆಮೇಲೆ ತಮ್ಮನೂ ಬಂದ. ಕಲ್ಲುಗಣಿಯ ಹೊಂಡದಲ್ಲಿ ಮುಳುಗಿದರೆ ಮೇಲೇಳುವುದೇ ಮರೆಯುತ್ತಿದ್ದ ಹುಡುಗ, ಅದಕ್ಕೇ ಎಲ್ಲರೂ ಅವನನ್ನು ಮೀನು ಎನ್ನುತ್ತಾರೆ. ತೀರ್ಪು ಬಂದ ಮೇಲೆ ಚರಂಡಿ ಕೆಲಸದವನು ಎಂದು ಯಾರನ್ನೂ ಇಟ್ಟುಕೊಳ್ಳುವಂತಿಲ್ಲ. ಕಾಗದದ ಮೇಲೆ ಮೀನು ತೋಟದ ಮಾಲಿ. ಕೈಯಲ್ಲಿ ಮಾತ್ರ ಚರಂಡಿ ತಿವಿಯುವ ಗಳ. ಅವನು ಕೆಲಸಕ್ಕೆ ಸೇರಿದ ದಿನ ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಮೇಲಿಂದ ತಿವಿಯಲಿ. ಒಳಗೆ ಮಾತ್ರ ಇಳಿಸಬೇಡ ಕಣೇ."

"ನಾನಿದೀನಲ್ಲಮ್ಮ" ಎಂದೆ. ಅಷ್ಟೇ ಹೇಳಿದ್ದು. ಅಮ್ಮ ಆ ಮಾತಿನ ಮೇಲೆಯೇ ದಿನಾ ನಿದ್ದೆ ಮಾಡುತ್ತಿದ್ದಳು.

ಸಮಾರಂಭದ ದಿನ ಬೆಳಗಿನಿಂದ ಕಾರುಗಳು. ಕಮಾನಿನ ಕೆಳಗೆ ನಿಂತು ಎಲ್ಲರೂ ಫೋಟೊ ಹಿಡಿಸಿಕೊಳ್ಳುವವರೇ. ನಾನು ಕಕ್ಕಸಿನ ಬಾಗಿಲಲ್ಲಿ ನಿಂತಿದ್ದೆ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳೊಬ್ಬಳು ಬಂದಳು. ಎರಡು ವರ್ಷ ನನ್ನ ನೋಟ್ಸು ಬರೆದುಕೊಂಡೇ ಪಾಸಾದವಳು. ಈಗ ದೊಡ್ಡ ಅಧಿಕಾರಿ. ನನ್ನ ಮುಖ ನೋಡಿದಳು. ಗುರುತು ಸಿಕ್ಕಿತು, ಅದು ಅವಳ ಕಣ್ಣಿನಲ್ಲಿ ನನಗೆ ಕಂಡಿತು. ತಕ್ಷಣ ಕಣ್ಣು ಕೆಳಗಿಳಿಸಿ ತನ್ನ ಕೈಚೀಲ ನನ್ನ ಕೈಗಿಟ್ಟಳು.

"ಸ್ವಲ್ಪ ಹಿಡ್ಕೊಳಮ್ಮ. ಒಳಗೆ ನೆಲ ಒದ್ದೆ ಇದೆ."

ಹಿಡಿದುಕೊಂಡು ನಿಂತೆ. ಹೊರಗೆ ಬಂದವಳು ಮೂಗು ಮುಚ್ಚಿಕೊಂಡಿದ್ದಳು. "ಏನಿದು, ನೀರು ವಾಪಸ್ ಬರ್ತಾ ಇದೆ. ನೀವೆಲ್ಲ ಏನು ಕೆಲಸ ಮಾಡ್ತೀರೋ" ಎಂದು ಚೀಲ ಕಿತ್ತುಕೊಂಡು ಹೋದಳು.

ಒಳಗೆ ನೋಡಿದೆ. ಕಮೋಡುಗಳು ಉಕ್ಕುತ್ತಿದ್ದವು. ನೆಲದ ಜಾಲರಿಯಿಂದ ಕಪ್ಪು ನೀರು ಗುಳುಗುಳು ಮೇಲೇರುತ್ತಿತ್ತು. ಗಂಡಸರ ಕಡೆಯೂ ಅದೇ ಗತಿ. ಕಾರಣ ನಮಗೆಲ್ಲ ಗೊತ್ತಿತ್ತು. ಕಮಾನು ಕಟ್ಟಿದವರು ಮಿಕ್ಕ ಕಾಂಕ್ರೀಟನ್ನೂ ಬಾಂಡ್ಲಿ ತೊಳೆದ ನೀರನ್ನೂ ಚರಂಡಿಗೇ ಬಿಟ್ಟಿದ್ದರು. ಅದು ಒಳಗೆ ಹೋಗಿ ಗಟ್ಟಿಯಾಗಿ ಕೂತಿತ್ತು. ಹೆಸರಾಂತರ ಕಮಾನು ಹೆಸರಾಂತರ ಕಕ್ಕಸನ್ನೇ ಕಟ್ಟಿಹಾಕಿತ್ತು. ನಗು ಬರಬೇಕಿತ್ತು. ನನಗೆ ಬರಲಿಲ್ಲ. ಕಟ್ಟಿಕೊಂಡದ್ದು ಅಪ್ಪ ಸತ್ತ ಅದೇ ಗುಂಡಿ.

ನಮ್ಮ ಸಫಾಯಿ ಕೆಲಸದವರ ಮೇಸ್ತ್ರಿ ಹೆದರಿ ಯಾರನ್ನೂ ಕೇಳದೆ ಸಕ್ಕಿಂಗ್ ಗಾಡಿಗೆ ಫೋನು ಮಾಡಿದ್ದ. ಗೇಟಿನವನನ್ನು ಬೇಡಿಕೊಂಡು ಒಳಗೂ ಬಿಡಿಸಿದ. ಗಾಡಿ ಬಂತು, ಕಮಾನಿನ ಮುಂದೆ ನಿಂತಿತು. ಟ್ಯಾಂಕು ನ್ಯಾಯಮೂರ್ತಿಗಳ ಗಲ್ಲಕ್ಕೆ ತಾಗುತ್ತಿತ್ತು. ಡ್ರೈವರ್ ಕೆಳಗಿಳಿದು ಮೇಲೆ ಕೆಳಗೆ ನೋಡಿದ.

"ನನ್ನ ಗಾಡಿ ತಲೆ ಬಗ್ಗಿಸಲ್ಲಪ್ಪ. ನಿಮ್ಮ ದೊಡ್ಡವರೇ ಸ್ವಲ್ಪ ಮೇಲೇಳಬೇಕು."

ಕಮಾನು ಬಿಚ್ಚಿಸಿ ಎಂದು ಮೇಸ್ತ್ರಿ ಸಂಚಾಲಕರ ಹತ್ತಿರ ಓಡಿದ. ನಾನೂ ಹಿಂದೆಯೇ ಹೋದೆ. ಸಂಚಾಲಕರ ಮುಖ ಬಿಳಿಚಿಕೊಂಡಿತು.

"ಬಿಚ್ಚೋದಾ? ಹುಚ್ಚು ಹಿಡಿದಿದೆಯಾ? ಮಂತ್ರಿಗಳು ಇನ್ನೂ ಒಳಗಿದಾರೆ. ಟೀವಿಯವರು ಅದರ ಮುಂದೇನೇ ನಿಂತಿದಾರೆ." ಆಮೇಲೆ ದನಿ ತಗ್ಗಿಸಿದರು. "ಆ ಹುಡುಗ ಇದಾನಲ್ಲ, ಮೀನು. ಹಿಂದಿನಿಂದ ಕರ್ಕೊಂಡು ಹೋಗು. ಯಾರಿಗೂ ಕಾಣೋದು ಬೇಡ. ನಾನು ಹೇಳಿದ್ದು ಅಂತಾನೂ ಬೇಡ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸತ್ತರೆ ನಾವು ಸಾಯಬೇಕು.

ನಾನು ಸಭಾಂಗಣದ ಹಿಂದಕ್ಕೆ ಓಡಿದೆ. ಮೇಸ್ತ್ರಿ ಅಡ್ಡದಾರಿಯಲ್ಲಿ ನನಗಿಂತ ಮುಂಚೆ ತಲುಪಿದ್ದ. ಮೀನು ಅಂಗಿ ಬಿಚ್ಚಿ ಗೋಡೆಯ ಮೇಲೆ ಮಡಿಸಿಟ್ಟಿದ್ದ. ಬರೀ ಚಡ್ಡಿಯಲ್ಲಿ ನಿಂತು ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದ. ಆ ಹಗ್ಗ ಯಾಕೆ ಎಂದು ನಮ್ಮ ಓಣಿಯ ಕೂಸಿಗೂ ಗೊತ್ತು. ಜೀವ ಉಳಿಸಲು ಅಲ್ಲ. ಹೆಣ ಎಳೆಯಲು.

"ಬಿಚ್ಚೋ ಅದನ್ನ" ಎಂದೆ.

"ಅಕ್ಕ, ಎರಡು ನಿಮಿಷ. ಉಸಿರು ಹಿಡ್ಕೊಂಡು ಹೋಗಿ ಬಂದ್ಬಿಡ್ತೀನಿ. ಇವತ್ತು ಇಳಿದ್ರೆ ಖಾಯಂ ಮಾಡ್ತಾರಂತೆ."

"ಅಪ್ಪಂಗೂ ಹಾಗೇ ಅಂದಿದ್ರು."

"ಅಪ್ಪಂಗೆ ವಯಸ್ಸಾಗಿತ್ತು. ನಾನು ಮೀನು ಅಲ್ವಾ?"

"ಮೀನಿಗೆ ನೀರು ಬೇಕು ಕಣೋ. ಇದರಲ್ಲಿ ಮೀನೂ ಸಾಯತ್ತೆ."

ಮೇಸ್ತ್ರಿ ಕಬ್ಬಿಣದ ಸರಳಿನಿಂದ ಮುಚ್ಚಳ ಮೀಟಿದ. ಒಂದು ಬದಿ ಎದ್ದಿತು. ಆ ವಾಸನೆ ಹೊರಗೆ ಬಂತು. ಕೊಳೆತ ಮೊಟ್ಟೆಯ ವಾಸನೆ. ಅಪ್ಪನನ್ನು ಮಲಗಿಸಿದ ಚಾಪೆಯಿಂದ ಬಂದ ವಾಸನೆ ಅದೇ. ನಾನು ಏನೂ ಯೋಚಿಸಲಿಲ್ಲ. ಹೋಗಿ ಮುಚ್ಚಳದ ಮೇಲೆ ಕುಕ್ಕರಿಸಿದೆ. ನನ್ನ ಭಾರಕ್ಕೆ ಅದು ದಡ್ಡೆಂದು ಕೂತಿತು. ಸರಳು ಮೇಸ್ತ್ರಿಯ ಕೈಯಿಂದ ಹಾರಿಬಿತ್ತು.

"ಏಳೇ ಡಿಗ್ರಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡ" ಎಂದ ಅವನು. ಅವನೂ ನಮ್ಮ ಓಣಿಯವನೇ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಅವನ ಬೆನ್ನಿಗೆ ಮರೆಯಾಗಿ ನಿಂತವರ ಮೇಲೆ.

"ಏಳಲ್ಲ. ಇಳಿಸೋದಾದ್ರೆ ಮೊದಲು ನನ್ನ ಇಳಿಸು."

ಧ್ವನಿವರ್ಧಕ ಗೋಡೆಯಾಚೆ ಕೂಗುತ್ತಿತ್ತು. ನ್ಯಾಯಮೂರ್ತಿಗಳಿಗೆ ಸನ್ಮಾನ. ಹೆಣ್ಣುದನಿಯೊಂದು ಅಭಿನಂದನೆ ಓದುತ್ತಿತ್ತು. "ಮ್ಯಾನ್‌ಹೋಲಿನ ಕತ್ತಲೆಯಿಂದ ಮನುಷ್ಯನನ್ನು ಮೇಲೆತ್ತಿದ ಮಹಾನುಭಾವರು." ಚಪ್ಪಾಳೆ. ನಾನು ಮುಚ್ಚಳದ ಮೇಲೆ, ತಮ್ಮ ಬೆತ್ತಲೆ ಎದೆಯಲ್ಲಿ ಹಗ್ಗ ಹಿಡಿದು, ಗೋಡೆಯಾಚೆ ಚಪ್ಪಾಳೆ. ಎದೆ ಬಡಿದುಕೊಂಡು ಅಳಬೇಕೆನಿಸಿತು. ಅಳಲಿಲ್ಲ.

ಸಂಚಾಲಕರು ಬಂದರು. ಬೂಟಿಗೆ ನೀರು ತಾಗದಂತೆ ಇಟ್ಟಿಗೆಯ ಮೇಲೆ ನಿಂತು ಮಾತನಾಡಿದರು.

"ನೀನು ನನ್ನ ವಿದ್ಯಾರ್ಥಿನಿ. ತಿಳಿದೋಳು. ನಿನ್ನಂಥೋಳನ್ನ ಓದಿಸಿದ ವಿಶ್ವವಿದ್ಯಾಲಯ ಇದು. ಇದರ ಋಣ ಇಲ್ವಾ ನಿನ್ನ ಮೇಲೆ?"

ನಿನ್ನಂಥೋಳು. ಆ ಮಾತು ಅವರ ಬಾಯಿಂದ ಸಲೀಸಾಗಿ ಜಾರಿತು. ಅದು ಜಾರಿದ್ದು ಅವರಿಗೆ ತಿಳಿಯಲೂ ಇಲ್ಲ.

"ಋಣಾನ ನಮ್ಮಪ್ಪ ಇದೇ ಗುಂಡೀಲಿ ತೀರಿಸಿದಾನೆ ಸಾರ್. ಇನ್ನು ನಿಮ್ಮ ಸರದಿ. ನೀವು ಇಳೀರಿ."

"ಬಾಯಿ ಬಿಗಿ ಹಿಡಿ."

"ಇಷ್ಟು ದಿನ ಹಿಡಿದಿದ್ದೇ ಅಲ್ವಾ? ಕಮಾನು ಬಿಚ್ಚಿಸಿ. ಗಾಡಿ ಬರಲಿ. ನಾನು ಏಳ್ತೀನಿ."

ಅಷ್ಟರಲ್ಲಿ ಗೋಡೆಯ ಮೂಲೆಯಿಂದ ಒಬ್ಬ ಮುದುಕರು ಬಂದರು. ಕೈಯಲ್ಲಿ ಸನ್ಮಾನದ ಫಲಕ. ಹೆಜ್ಜೆ ಅವಸರದ್ದು. ಹಿಂದೆ ಒಬ್ಬ ಸ್ವಯಂಸೇವಕ. ಕಕ್ಕಸು ಹುಡುಕಿಕೊಂಡು ಬಂದಿದ್ದರು. ಒಳಗಿನದೆಲ್ಲ ಉಕ್ಕಿದೆ ಎಂದು ಯಾರೋ ಹಿತ್ತಲು ತೋರಿಸಿದ್ದರು. ಕಮಾನಿನ ಮೇಲೆ ಅಷ್ಟು ದೊಡ್ಡದಾಗಿದ್ದ ಮುಖ ಹತ್ತಿರದಿಂದ ಚಿಕ್ಕದಾಗಿತ್ತು. ಅವರು ಗೋಡೆಯ ಮರೆಗೆ ಹೋಗಿ ಬಂದರು. ಆಮೇಲೆ ನಮ್ಮನ್ನು ನೋಡಿದರು. ಮುಚ್ಚಳ, ಸರಳು, ಹಗ್ಗ, ಅರೆಬೆತ್ತಲೆ ಹುಡುಗ. ಏನು ನಡೆಯುತ್ತಿದೆ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇದನ್ನ ಮಾಡಿಸಬಾರದಲ್ಲ" ಎಂದರು ಸಂಚಾಲಕರಿಗೆ. ದನಿ ಮೆತ್ತಗಿತ್ತು.

"ಖಂಡಿತ ಇಲ್ಲ ಸಾರ್. ಇವನು ತೋಟದ ಮಾಲಿ" ಎಂದರು ಸಂಚಾಲಕರು.

ನಾನು ಕೂತಲ್ಲಿಂದಲೇ ಹೇಳಿದೆ. "ಸ್ವಾಮಿ, ನಿಮ್ಮ ತೀರ್ಪು ಬಂದಿದ್ದು ನಮ್ಮಪ್ಪನ ಹೆಣದ ಮೇಲೆ. ಈ ಗುಂಡಿ ಅದೇ. ಇವನು ಅವನ ಮಗ. ಗಾಡಿ ಬಂದು ನಿಂತಿದೆ. ನಿಮ್ಮ ಫೋಟೊ ಅಡ್ಡ ಇದೆ. ಕಮಾನು ಬಿಚ್ಚಿ ಅಂತ ನೀವು ಒಂದು ಮಾತು ಹೇಳಿ. ಸಾಕು."

ಅವರು ನನ್ನನ್ನು ನೋಡಿದರು, ನನ್ನ ತಮ್ಮನನ್ನು ನೋಡಿದರು. ಆ ಒಂದು ಕ್ಷಣ ಅವರು ಹೇಳುತ್ತಾರೆ ಎಂದು ನಾನು ನಿಜವಾಗಿಯೂ ನಂಬಿದೆ. ಸುಳ್ಳು ಯಾಕೆ, ಇಷ್ಟು ಉಂಡ ಮೇಲೂ ನಂಬಿದೆ.

"ನಾನು ಇಲ್ಲಿ ಅತಿಥಿ ತಾಯಿ" ಎಂದರು. "ಇನ್ನೊಬ್ಬರ ಕಾರ್ಯಕ್ರಮದಲ್ಲಿ ನಾನು ಹೇಗೆ ಬಾಯಿ ಹಾಕಲಿ? ತೀರ್ಪು ಕೊಡೋದು ನನ್ನ ಕೆಲಸ ಆಗಿತ್ತು. ಕೊಟ್ಟಿದೀನಿ. ಅದನ್ನ ಜಾರಿ ಮಾಡೋದು ಬೇರೆಯವರ ಕೆಲಸ."

ಹೇಳಿ ಫಲಕವನ್ನು ಎದೆಗೊತ್ತಿಕೊಂಡು ಒಳಗೆ ಹೋದರು. ಸಂಚಾಲಕರು ಅವರ ಹಿಂದೆಯೇ ಹೋದರು. ಹೋಗುವಾಗ ಮೇಸ್ತ್ರಿಯ ಕಡೆ ತಿರುಗಿ ಕಣ್ಣಲ್ಲೇ ಗುಂಡಿ ತೋರಿಸಿದರು.

ಮೀನು ಆ ಮುದುಕರು ಹೋದ ದಾರಿಯನ್ನೇ ನೋಡುತ್ತಿದ್ದ. ಅವರ ತೀರ್ಪು ಅಚ್ಚಾಗಿದ್ದ ಪತ್ರಿಕೆಯ ತುಂಡನ್ನು ಅವನು ಸಣ್ಣವನಿದ್ದಾಗ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಈಗ ಸೊಂಟದ ಹಗ್ಗದ ಗಂಟು ಬಿಚ್ಚತೊಡಗಿದ. ಗಂಟು ಒದ್ದೆಯಾಗಿ ಬಿಗಿದಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದ.

"ಅಕ್ಕ, ಬೇರೆಯವರ ಕೆಲಸ ಅಂದ್ರಲ್ಲ. ಆ ಬೇರೆಯವರು ಯಾರು?"

"ನಾವೇ ಇರಬೇಕು ಕಣೋ. ಎಲ್ಲರೂ ಬಿಟ್ಟ ಕೆಲಸ ಇನ್ಯಾರಿಗೆ ಬರತ್ತೆ?"

ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ನಡೆದ. ಅಂಗಿಯನ್ನೂ ಹಾಕಿಕೊಳ್ಳಲಿಲ್ಲ. ಸಂದಿಯಿಂದಲ್ಲ, ಸಭಾಂಗಣದ ಮುಂದಿನಿಂದಲೇ ನಡೆದ. ಅತಿಥಿಗಳು ಪಕ್ಕಕ್ಕೆ ಸರಿದರು. ನಾನು ಎದ್ದು ಅವನ ಹಿಂದೆ ಹೋದೆ. ಮೇಸ್ತ್ರಿ ಮುಚ್ಚಳದ ಮೇಲೆ ನಾನು ಕೂತಲ್ಲೇ ಕೂತ. "ನಾನು ಕಾಯ್ತೀನಿ, ನೀವು ಹೋಗ್ರಿ" ಎಂದ. ಕಸ ಗುಡಿಸುವವರು ಪೊರಕೆ ಬಿಟ್ಟು ಬಂದರು. ನಿಜವಾದ ಮಾಲಿಗಳೂ ಬಂದರು.

ಮೀನು ಹಗ್ಗದ ಒಂದು ತುದಿಯನ್ನು ಕಮಾನಿನ ಕಾಲಿಗೆ ಬಿಗಿದ. ಇನ್ನೊಂದನ್ನು ಗಾಡಿಯ ಮುಂದಿನ ಕೊಕ್ಕೆಗೆ ಹಾಕಿದ. ಟೀವಿಯವರು ಕ್ಯಾಮೆರಾ ತಿರುಗಿಸಿದರು. ಡ್ರೈವರ್ ನನ್ನ ಮುಖ ನೋಡಿದ.

"ನನ್ನ ಕೆಲಸ ಹೋಗತ್ತಲ್ಲ ಅಕ್ಕ?"

"ಹೋಗಬಹುದಪ್ಪ" ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಅವನು ಕಮಾನನ್ನು ನೋಡಿದ, ಮೀನಿನ ಸೊಂಟದ ಮೇಲೆ ಹಗ್ಗ ಉಜ್ಜಿ ಕೆಂಪಾದ ಜಾಗ ನೋಡಿದ. "ಹಾಳಾಗಿ ಹೋಗಲಿ ಅತ್ಲಾಗೆ" ಎಂದು ಮೇಲೆ ಹತ್ತಿ ಗಾಡಿಯನ್ನು ಹಿಂದಕ್ಕೆ ತೆಗೆದ.

ಹಗ್ಗ ಬಿಗಿಯಿತು. ಬುಡಕ್ಕೆ ಸುರಿದ ಕಾಂಕ್ರೀಟು ಆಳಕ್ಕೆ ಇಳಿದಿರಲಿಲ್ಲ. ಬುಡ ಸಮೇತ ಒಂದು ಕಾಲು ಕಿತ್ತು ಬಂತು. ಮಂತ್ರಿ, ವಿಜ್ಞಾನಿ, ಗಾಯಕಿ, ಒಡೆಯ, ನ್ಯಾಯಮೂರ್ತಿ, ಎಲ್ಲರೂ ಒಟ್ಟಿಗೇ ಮಗುಚಿದರು. ಸಂಚಾಲಕರು ಕೂಗುತ್ತಾ ಓಡಿ ಬಂದರು. ನಾವು ಹಲಗೆಗಳನ್ನು ದಾರಿಗೆ ಅಡ್ಡವಾಗದಂತೆ ಎತ್ತಿ ಗೋಡೆಗೆ ಒರಗಿಸಿದೆವು. ಯಾರ ಮುಖವನ್ನೂ ತುಳಿಯಲಿಲ್ಲ. ತುಳಿಯುವುದು ನಮಗೆ ಬರುವುದಿಲ್ಲ, ತುಳಿಸಿಕೊಂಡೇ ರೂಢಿ. ಗಾಡಿ ಒಳಗೆ ಹೋಯಿತು. ಪೈಪು ಇಳಿಯಿತು. ಎರಡು ನಿಮಿಷದ ಕೆಲಸ ಎಂದಿದ್ದ ಮೀನು. ಯಂತ್ರಕ್ಕೇ ಮಧ್ಯಾಹ್ನದವರೆಗೆ ಹಿಡಿಯಿತು. ಕೊನೆಗೆ ಪೈಪಿನ ಬಾಯಿಗೆ ಕಚ್ಚಿಕೊಂಡು ಮೇಲೆ ಬಂದದ್ದು ತಲೆಗಾತ್ರದ ಕಾಂಕ್ರೀಟಿನ ಗಡ್ಡೆ.

ನನ್ನನ್ನೂ ತಮ್ಮನನ್ನೂ ಆ ಸಂಜೆಯೇ ತೆಗೆದುಹಾಕಿದರು. ಡ್ರೈವರನನ್ನೂ ತೆಗೆದರು. ಸಾರ್ವಜನಿಕ ಆಸ್ತಿ ಹಾಳು ಮಾಡಿದ ಕೇಸು ನಮ್ಮ ಮೂವರ ಮೇಲಿದೆ. ಅಪ್ಪ ಸತ್ತಾಗ ಠಾಣೆಯಲ್ಲಿ ನಮ್ಮ ದೂರು ತೆಗೆದುಕೊಳ್ಳದೆ ಬಾಗಿಲಲ್ಲೇ ಕೂರಿಸಿದ್ದರು. ಕಮಾನು ಬಿದ್ದಾಗ ಪೊಲೀಸರೇ ಮನೆಗೆ ಬಂದರು. ಮನುಷ್ಯ ಬಿದ್ದರೆ ಅಪಘಾತ, ಹಲಗೆ ಬಿದ್ದರೆ ಅಪರಾಧ. ಕ್ಷಮೆ ಕೇಳಿದರೆ ಕೆಲಸ ವಾಪಸ್ ಕೊಡಿಸುತ್ತೇನೆ ಎಂದು ಸಂಚಾಲಕರು ಹೇಳಿ ಕಳಿಸಿದರು. ಮೊದಲು ಅವರು ನಮ್ಮಮ್ಮನ ಹತ್ತಿರ ಬಂದು ಕೇಳಲಿ, ಆಮೇಲೆ ನೋಡೋಣ ಎಂದು ನಾನೂ ಹೇಳಿ ಕಳಿಸಿದೆ. ಅವರು ಬಂದಿಲ್ಲ.

ಕಮಾನನ್ನು ಮತ್ತೆ ಕಟ್ಟಿದ್ದಾರೆ. ಮೀನು ರಸ್ತೆಯಿಂದ ನೋಡಿಕೊಂಡು ಬಂದ. ಈ ಸಲ ಎತ್ತರಕ್ಕೆ ಕಟ್ಟಿದ್ದಾರಂತೆ. ಲಾರಿ ಸಲೀಸಾಗಿ ದಾಟುತ್ತದಂತೆ.

ಕೆಲಸ ಹೋದ ಸಂಜೆ ನಾವಿಬ್ಬರೂ ಮನೆಗೆ ಬಂದಾಗ ಅಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಸುದ್ದಿ ನಮಗಿಂತ ಮುಂಚೆ ಓಣಿಗೆ ಬಂದಿತ್ತು. ಕೆಲಸದ ಬಗ್ಗೆ ಕೇಳಲಿಲ್ಲ, ಪೊಲೀಸರ ಬಗ್ಗೆ ಕೇಳಲಿಲ್ಲ. ತಮ್ಮನ ಹತ್ತಿರ ಹೋಗಿ ಅವನ ತಲೆ ಮೂಸಿದಳು. ಕತ್ತು ಮೂಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇವನು ಇಳಿದನಾ?"

"ಇಲ್ಲಮ್ಮ."

ಅವನ ಹೆಗಲ ಮೇಲಿದ್ದ ಹಗ್ಗವನ್ನು ಅವಳೇ ತೆಗೆದುಕೊಂಡಳು. ತಿಕ್ಕಿ ತಿಕ್ಕಿ ತೊಳೆದಳು. ಹಿತ್ತಲಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದಳು. ಅವನ ಅಂಗಿ ಒಗೆದು, ಹಿಂಡಿ, ಅದರ ಮೇಲೆ ಹರವಿದಳು.